ಒಗ್ಗರಣೆ ಡಬ್ಬಿಯ ನಡುವಿನ ಬಟ್ಟಲು

ಅಥವಾ ಅದನ್ನು ಅಲ್ಲಿಟ್ಟದ್ದು ನಾನಲ್ಲವೇನೋ. ಇದನ್ನು ಬರೆಯಲು ಕೂತಾಗಲೆಲ್ಲ ಈ ಮಾತೇ ಮೊದಲು ಬಂದು ಅಡ್ಡ ನಿಲ್ಲುತ್ತದೆ, ಅದಕ್ಕೇ ಈ ಸಲ ಅದರಿಂದಲೇ ಶುರು ಮಾಡಿದ್ದೇನೆ. ಆ ಬೇಸಿಗೆಯ ಉಳಿದ ಸಂಗತಿಗಳೆಲ್ಲ ಚೆನ್ನಾಗಿ ನೆನಪಿವೆ. ಅಷ್ಟು ಚೆನ್ನಾಗಿ ನೆನಪಿರುವುದೇ ನನಗೆ ಅನುಮಾನ. ತೆಂಗಿನ ಚಿಪ್ಪಿನಲ್ಲಿದ್ದ ಸೀಮೆಎಣ್ಣೆಯ ವಾಸನೆ, ಬೆರಳ ಸಂದಿಯಲ್ಲಿ ಕೂತ ತುಕ್ಕಿನ ಬಣ್ಣ, ಅಪ್ಪಾಜಿ ಗಾಳವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದುದು, ಇವೆಲ್ಲ ನಿಜವೇ ಇರಬೇಕು. ಆದರೆ ಬೆಳ್ಳಿಯ ಆ ಪುಟ್ಟ ಬಟ್ಟಲನ್ನು ಗಾಳದ ಡಬ್ಬಿಯೊಳಗೆ ಕೂರಿಸಿದ ಕೈ ಯಾರದು ಅನ್ನುವಲ್ಲಿಗೆ ಬಂದರೆ ನನ್ನಲ್ಲಿ ಎರಡು ಚಿತ್ರಗಳಿವೆ. ಎರಡೂ ಸ್ಪಷ್ಟ. ಎರಡರಲ್ಲಿ ಒಂದು ಸುಳ್ಳು.

ಆಗ ನಾವು ಬಾಳೆಹೊನ್ನೂರಿನಲ್ಲಿದ್ದೆವು. ಆಗ ಅಂದರೆ, ಅಪ್ಪಾಜಿಯ ಅಂಗಡಿಯ ಮುಂದೆ ರೂಪಾಯಿ ನುಂಗುವ ಫೋನಿನ ಡಬ್ಬ ಹೊಸದಾಗಿ ಬಂದು ಕೂತಿದ್ದ ಕಾಲ; ಮೊಬೈಲ್ ಕೊಂಡವರು ಸಿಗ್ನಲ್ ಹುಡುಕಿಕೊಂಡು ಭದ್ರಾ ಸೇತುವೆಯ ಮೇಲೆ ಹೋಗಿ ಕೂಗಿ ಕೂಗಿ ಮಾತಾಡುತ್ತಿದ್ದ ಕಾಲ. ನಾನು ಐದನೇ ಕ್ಲಾಸು ಮುಗಿಸಿದ್ದೆ. ಅಂಗಡಿಯಲ್ಲಿ ಮೊಳೆ, ಹಗ್ಗ, ಬ್ಯಾಟರಿ, ಬಕೆಟ್ಟು ಸಿಗುತ್ತಿತ್ತು. ಅದರ ಹಿಂದೆ ಮಾಲು ಇಡುವ ಕೋಣೆ, ಅದರ ಹಿಂದೆ ನಮ್ಮ ಅಡುಗೆಮನೆ. ಅಪ್ಪಾಜಿ, ಅಮ್ಮ, ಅಪ್ಪಾಜಿಯ ತಾಯಿಯಾದ ಅಜ್ಜಿ, ಮತ್ತು ನಾನು.

ನಮ್ಮದು ಲಿಂಗ ಕಟ್ಟಿದ ಮನೆ. ಅಜ್ಜಿಯ ಮುಂದೆ ಮೊಟ್ಟೆ ಅನ್ನುವ ಶಬ್ದವನ್ನೂ ಎತ್ತುವಂತಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪಾಜಿ ಸ್ನಾನ ಮುಗಿಸಿ, ದೇವರ ಕೋಣೆಯ ಹೊಸ್ತಿಲಲ್ಲಿ ಕೂತ ಅಜ್ಜಿಯ ಮುಂದೆ ತಲೆ ಬಗ್ಗಿಸುತ್ತಿದ್ದರು. ಅಜ್ಜಿ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಅವರ ಹಣೆಯ ಮೇಲೆ ಎಳೆಯುತ್ತಿದ್ದಳು. ಆಮೇಲೆ ನನಗೆ. ಅದಾದ ಮೇಲೇ ಅಂಗಡಿಯ ಬಾಗಿಲು ತೆಗೆಯುವುದು. ಗಿರಾಕಿಗಳ ಜೊತೆ ಗಟ್ಟಿ ದನಿಯಲ್ಲಿ ಮಾತಾಡುವ, ಮೀಸೆ ನರೆಯುತ್ತಿದ್ದ ಮನುಷ್ಯ ಆ ಒಂದು ಗಳಿಗೆ ಕಣ್ಣು ಮುಚ್ಚಿ ಮಗುವಿನ ಹಾಗೆ ನಿಲ್ಲುತ್ತಿದ್ದುದನ್ನು ನೋಡಿ ನನಗೆ ನಗು ಬರುತ್ತಿತ್ತು.

ಇಂಥ ಮನೆಯಲ್ಲಿ ಮೀನಿನ ಗಾಳಗಳು.

ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಗಳು ಮೇಲೇಳುತ್ತಿದ್ದವು. ಗಾಳ ಹಾಕುವವರು ಬಂಡೆಯ ಸಂದಿಗೋ ಬೇರಿಗೋ ಗಾಳ ಸಿಕ್ಕಿಕೊಂಡರೆ ಎಳೆದು ನೋಡಿ, ಬರದಿದ್ದರೆ ದಾರ ಕತ್ತರಿಸಿ ಹೋಗುತ್ತಿದ್ದರು. ವರ್ಷವಿಡೀ ನೀರಿನಡಿ ಕಳೆದುಹೋದದ್ದೆಲ್ಲ ಆ ಒಂದೂವರೆ ತಿಂಗಳು ಹೊರಗೆ ಕಾಣುತ್ತಿತ್ತು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಇಕ್ಕುಳ ಹಿಡಿದು ಅಪ್ಪಾಜಿ ಹೊರಡುತ್ತಿದ್ದರು. ಅವರ ಹಿಂದೆ ಖಾಲಿ ಹಾರ್ಲಿಕ್ಸ್ ಬಾಟಲಿ ಹಿಡಿದು ನಾನು.

"ಯಾಕೆ ಅಪ್ಪಾಜಿ ಇದನ್ನೆಲ್ಲ ಹೆಕ್ಕೋದು?"

"ಸ್ನಾನಕ್ಕೆ ಬರೋರ ಕಾಲಿಗೆ ಚುಚ್ಚುತ್ತಲ್ಲ ಪುಟ್ಟಿ. ದನ ಬೇರೆ ನೀರಿಗಿಳೀತಾವೆ."

ಕಾರಣ ಸರಿಯಾಗಿಯೇ ಇತ್ತು. ಆದರೆ ಕಾಲಿಗೆ ಚುಚ್ಚುವ ವಸ್ತುವನ್ನು ಗುಂಡಿ ತೋಡಿ ಹೂತರೆ ಸಾಕು. ಮನೆಗೆ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಪಾಲಿಶ್ ಪೇಪರಿನಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಹವಾಯಿ ಚಪ್ಪಲಿಯ ಅಟ್ಟೆಗೆ ಸಾಲಾಗಿ ಚುಚ್ಚಿಡಬೇಕಾಗಿರಲಿಲ್ಲ. ದಾರದ ಸಿಕ್ಕು ಬಿಡಿಸಿ ಸತ್ತ ಬ್ಯಾಟರಿ ಸೆಲ್ಲುಗಳಿಗೆ ಸುತ್ತಿಡಬೇಕಾಗಿರಲಿಲ್ಲ. ಸೀಸದ ಗುಂಡುಗಳನ್ನು ಸಣ್ಣದರಿಂದ ದೊಡ್ಡದರವರೆಗೆ ತಂತಿಗೆ ಪೋಣಿಸಬೇಕಾಗಿರಲಿಲ್ಲ. ಅಪ್ಪಾಜಿ ಇದನ್ನೆಲ್ಲ ಮಾಡುತ್ತಿದ್ದರು. ಅಂಗಡಿಯ ಮೊಳೆಗಳನ್ನೂ ಅವರು ಅಷ್ಟು ಪ್ರೀತಿಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ.

ಅಂಗಡಿಯ ಜಗಲಿಯ ಮೂಲೆಯಲ್ಲಿ ಛತ್ರಿ, ಟಾರ್ಚು ರಿಪೇರಿ ಮಾಡುತ್ತಿದ್ದ ಗಫೂರಣ್ಣನಿಗೆ ಇದೊಂದು ತಮಾಷೆ. ಅವನು ನರಸಿಂಹರಾಜಪುರದ ಕಡೆಯವನು, ರಜೆಯ ದಿನ ಭದ್ರಾ ಹಿನ್ನೀರಿನಲ್ಲಿ ಗಾಳ ಹಾಕುವವನು.

"ಅಲ್ಲ ಶೇಖ್ರಪ್ಪ, ಮೀನು ತಿನ್ನಲ್ಲ, ಹಿಡಿಯಲ್ಲ, ಗಾಳ ಮಾತ್ರ ಫಳಫಳ ಮಾಡಿ ಇಡ್ತೀರಿ. ಎಂತ, ಮೀನಿಗೆ ಮದುವೆ ಮಾಡ್ಸೋ ಅಂದಾಜಾ ಮಾರಾಯ್ರೆ?"

"ಮೆಲ್ಲಗೆ ಮಾತಾಡೋ. ಅವ್ವ ಒಳಗಿದ್ದಾಳೆ."

ಅಜ್ಜಿಗೆ ಅದೆಲ್ಲ ಅಂಗಡಿಯ ಮಾಲು ಅನ್ನುವುದು ಲೆಕ್ಕ. ಅಪ್ಪಾಜಿ ಹಾಗೆಂದು ಸುಳ್ಳು ಹೇಳಿದ್ದರೋ, ಅವಳೇ ಹಾಗಂದುಕೊಂಡು ಸುಮ್ಮನಿದ್ದಳೋ ತಿಳಿಯದು.

ಚಪ್ಪಲಿಯ ಅಟ್ಟೆಗಳು ತುಂಬಿದ ಮೇಲೆ ಜೋಡಿಸಿಡುವ ಕೆಲಸ ನನ್ನದಾಯಿತು. ಅಮ್ಮನ ಹಳೆಯ ಒಗ್ಗರಣೆ ಡಬ್ಬಿ ಮಾಲಿನ ಕೋಣೆಯಲ್ಲಿ ಬಿದ್ದಿತ್ತು. ದುಂಡಗಿನದು, ಒಳಗೆ ಸುತ್ತ ಆರು ಬಟ್ಟಲು, ನಡುವೆ ಒಂದು. ಅದರ ಮುಚ್ಚಳ ಜಜ್ಜಿಹೋಗಿತ್ತು, ನಡುವಿನ ಬಟ್ಟಲು ಕಳೆದುಹೋಗಿತ್ತು, ಅದಕ್ಕೇ ಅಮ್ಮ ಹೊಸದು ಕೊಂಡಿದ್ದಳು. ಯಾವ ಗಾಳ ಯಾವ ಮೀನಿಗೆ ಎಂದು ಗಫೂರಣ್ಣ ಹೇಳಿಕೊಟ್ಟಿದ್ದ. ಆದರೆ ನಾನು ಆ ಮೀನುಗಳನ್ನೇ ಕಂಡವಳಲ್ಲ. ನನಗೆ ಗೊತ್ತಿದ್ದದ್ದು ಅಡುಗೆಮನೆ. ಬಟ್ಟಲುಗಳಲ್ಲಿ ಇನ್ನೂ ಹಳೆಯ ವಾಸನೆ ಇತ್ತು. ಮೂಸಿ ನೋಡಿ ಅದರಂತೆಯೇ ಹೆಸರಿಟ್ಟೆ. ಉದ್ದ ಕಡ್ಡಿಯವು ಜೀರಿಗೆ, ದಪ್ಪ ತಲೆಯವು ಲವಂಗ, ಗಿಡ್ಡನೆಯವು ಮೆಂತ್ಯ. ಅಪ್ಪಾಜಿಯೂ ಹಾಗೇ ಕರೆಯತೊಡಗಿದರು. "ಪುಟ್ಟಿ, ಒಂದು ಮೆಂತ್ಯ ಕೆಳಗೆ ಬಿತ್ತು ನೋಡು, ಕಾಲು ಜೋಪಾನ."

ತೀರಾ ಸಣ್ಣವು ಮಾತ್ರ ಉಳಿದವು. ಉಗುರಿನ ಚೂರಿನಷ್ಟು. ಅವು ಸಾಸಿವೆ. ನಡುವಿನ ಬಟ್ಟಲು ಯಾವಾಗಲೂ ಸಾಸಿವೆಯದೇ ಆಗಿತ್ತು; ಅದೇ ಇರಲಿಲ್ಲ. ಕಾಗದದಲ್ಲಿ ಸುತ್ತಿಟ್ಟರೆ ಹರಿದುಕೊಂಡು ಬರುತ್ತಿದ್ದವು.

ಮೊದಲನೆಯ ಚಿತ್ರ: ಅಮ್ಮ ಬಟ್ಟೆ ಒಗೆಯಲು ಹೋಗಿದ್ದಾಳೆ. ಅಜ್ಜಿ ಜಗಲಿಯಲ್ಲಿ ತೂಕಡಿಸುತ್ತಿದ್ದಾಳೆ. ನಾನು ದೇವರ ಕೋಣೆಯ ಮರದ ಪೆಟ್ಟಿಗೆಯಿಂದ ಮಡಿಬಟ್ಟೆಯ ಗಂಟು ಬಿಚ್ಚುತ್ತೇನೆ. ಒಳಗೆ ಅಜ್ಜನ ಕರಡಿಗೆ, ಅವರು ಎದೆಯ ಮೇಲೆ ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಗುಂಡು ಭರಣಿ. ಅಜ್ಜನನ್ನು ಮಣ್ಣು ಮಾಡುವಾಗ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಕಳಿಸಿದ್ದರು, ಕರಡಿಗೆ ಮನೆಯಲ್ಲಿ ಉಳಿದಿತ್ತು. ತೆರೆದರೆ ಎರಡು ಹೋಳು. ಕೆಳಗಿನ ಹೋಳು ಒಂದು ಪುಟ್ಟ ಬಟ್ಟಲು. ತಂದು ಡಬ್ಬಿಯ ನಡುವೆ ಇಡುತ್ತೇನೆ. ಅಲ್ಲಿಗೇ ಮಾಡಿಸಿದ ಹಾಗೆ ಕೂರುತ್ತದೆ.

ಎರಡನೆಯ ಚಿತ್ರ: ಅಪ್ಪಾಜಿಯ ದಪ್ಪ ಹೆಬ್ಬೆರಳು ಅದೇ ಹೋಳನ್ನು ನಡುವೆ ಒತ್ತುತ್ತದೆ. "ಸರಿಯಾಗಿ ಕೂತಿತು ನೋಡು." ನಾನು ಸಾಸಿವೆಗಳನ್ನು ಒಂದೊಂದಾಗಿ ಹಾಕುತ್ತೇನೆ. ಬೆಳ್ಳಿಗೆ ಕಬ್ಬಿಣ ಬಿದ್ದಾಗ ಸದ್ದು ಬೇರೆಯೇ.

ಆ ಸದ್ದು ಎರಡು ಚಿತ್ರಗಳಲ್ಲೂ ಇದೆ. ಅದೊಂದನ್ನು ನಂಬಬಹುದೇನೋ.

ಅಮ್ಮ ತನ್ನ ತಂಗಿಯ ಸೀಮಂತಕ್ಕೆಂದು ಹರಿಹರಪುರಕ್ಕೆ ಹೋದ ದಿನ ಅಡುಗೆ ಅಜ್ಜಿಯದು. ಸಾರು ಕುದಿಯುತ್ತಿತ್ತು. ಹೊಸ ಡಬ್ಬಿಯಲ್ಲಿ ಸಾಸಿವೆ ಮುಗಿದಿತ್ತು. ಅಜ್ಜಿಗೆ ಹಳೆಯ ಡಬ್ಬಿಯ ನೆನಪಾಗಿರಬೇಕು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಅಡುಗೆಮನೆಯಲ್ಲಿ ಅವಳು ನೋಡುತ್ತಿದ್ದುದು ಬೆರಳಿನಿಂದಲೇ. ಮಾಲಿನ ಕೋಣೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಎಷ್ಟೋ ವರ್ಷದ ರೂಢಿಯಂತೆ ಸೀದಾ ನಡುವಿನ ಬಟ್ಟಲಿಗೆ ಬೆರಳು ಹಾಕಿದಳು.

ಅಜ್ಜಿ ಕೂಗಲಿಲ್ಲ. "ಶೇಖರ" ಎಂದು ಒಂದೇ ಸಲ ಕರೆದಳು. ನಾವು ಓಡಿಹೋದಾಗ ಎಣ್ಣೆ ಸೀಯುವ ವಾಸನೆ ಬರುತ್ತಿತ್ತು. ಅವಳ ತೋರುಬೆರಳ ತುದಿಯಲ್ಲಿ ಗಾಳ ಕೂತಿತ್ತು. ಅಪ್ಪಾಜಿ ಮೊದಲು ಒಲೆ ಆರಿಸಿದರು, ಆಮೇಲೆ ಜಗಲಿಯ ಕಡೆ ತಿರುಗಿ ಗಫೂರಣ್ಣನನ್ನು ಕರೆದರು. ಅವನು ಅಲ್ಲಿಯವರೆಗೆ ನಮ್ಮ ಮನೆಯ ಒಳಗೆ ಕಾಲಿಟ್ಟವನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಲ್ಲೇ ನಿಂತ.

"ಬಾರೋ" ಅಂದಳು ಅಜ್ಜಿ. "ಬೆರಳು ಅಲ್ಲಿಗೆ ಬರಲ್ಲ."

ಅವನು ಮಂಡಿಯೂರಿ ಕೂತು ಬೆರಳು ನೋಡಿದ.

"ಎಳೀಬೇಡಿ ಅಮ್ಮಾ. ಒಳಗೆ ಮುಳ್ಳು ಉಂಟು ಇದಕ್ಕೆ. ಹೋದ ದಾರೀಲಿ ವಾಪಸ್ ಬರೋದಲ್ಲ."

"ಮತ್ತೆ?"

"ಮುಂದಕ್ಕೇ ತಳ್ಳಬೇಕು. ತುದಿ ಹೊರಗೆ ಬಂದ್ಮೇಲೆ ಮುಳ್ಳು ಕತ್ತರಿಸಿ ತೆಗೀತೀನಿ. ಸ್ವಲ್ಪ ಉರೀತದೆ."

"ಮೀನಿಗೂ ಹೀಗೇ ತೆಗೀತೀಯ?"

"ಮೀನು ಇಷ್ಟು ಪ್ರಶ್ನೆ ಕೇಳಲ್ಲ ಅಮ್ಮಾ."

ಅಜ್ಜಿ ಆಗ ಸ್ವಲ್ಪ ನಕ್ಕಳು ಅಂತ ನನಗೆ ಅನ್ನಿಸುತ್ತದೆ. ಆಮೇಲೆ ನಡೆದದ್ದಕ್ಕೂ ಆ ನಗುವಿಗೂ ಹೊಂದುವುದಿಲ್ಲ. ಆದರೂ ಅದನ್ನು ತೆಗೆದುಹಾಕಲು ಮನಸ್ಸಿಲ್ಲ.

ಛತ್ರಿ ಕಡ್ಡಿ ಕತ್ತರಿಸುವ ಇಕ್ಕುಳದಿಂದ ಅವನು ಮುಳ್ಳನ್ನು ಚಿಟ್ಟನೆ ಕತ್ತರಿಸಿದ. ರಕ್ತ ಎರಡು ಹನಿ ಬಿತ್ತು. ಅವನು ಅರಿಶಿನ ಒತ್ತುತ್ತಿರುವಾಗ ಅಜ್ಜಿ ಇನ್ನೊಂದು ಕೈಯಿಂದ ಡಬ್ಬಿಯನ್ನು ತಡವಿದಳು. ನಡುವಿನ ಬಟ್ಟಲಿನ ಅಂಚಿನ ಮೇಲೆ ಅವಳ ಬೆರಳು ಸುತ್ತಿತು, ನಿಂತಿತು, ಮತ್ತೊಂದು ಸಲ ಸುತ್ತಿತು. ಎಷ್ಟು ವರ್ಷ ಅದನ್ನು ಹುಣಸೆಹಣ್ಣು ಹಾಕಿ ತೊಳೆದಿದ್ದಳೋ.

"ಇದನ್ನ ಇಲ್ಲಿಟ್ಟೋರು ಯಾರು?"

ನಾನು ನೆಲದ ಮೇಲಿನ ರಕ್ತದ ಹನಿ ನೋಡುತ್ತಿದ್ದೆ.

"ನಾನೇ ಅವ್ವ" ಅಂದರು ಅಪ್ಪಾಜಿ.

"ಅವರ ಕರಡಿಗೇಲಿ?"

"ಖಾಲಿ ಇತ್ತಲ್ಲ ಅವ್ವ."

"ಖಾಲಿ ಇತ್ತು ಅಂತ ನಿಂಗೆ ಯಾರು ಹೇಳಿದ್ದು?"

ಗಫೂರಣ್ಣ ಎದ್ದು ಸದ್ದಿಲ್ಲದೆ ಹೊರಗೆ ಹೋದ. ಅಜ್ಜಿ ಗಾಳಗಳನ್ನು ನೆಲಕ್ಕೆ ಸುರಿದು, ಬಟ್ಟಲನ್ನು ಸೆರಗಿನಲ್ಲಿ ಒರೆಸಿಕೊಂಡು ದೇವರ ಕೋಣೆಗೆ ನಡೆದಳು. ಅಪ್ಪಾಜಿ ಮತ್ತು ನಾನು ಸಂಜೆಯವರೆಗೂ ನೆಲದ ಮೇಲೆ ಕೈ ಆಡಿಸುತ್ತಾ ಸಾಸಿವೆ ಹೆಕ್ಕಿದೆವು. ಅವರು ನನ್ನನ್ನು ಕಾಪಾಡಿದ್ದರೆ ಒಂದು ಸಲವಾದರೂ ನನ್ನ ಕಡೆ ನೋಡಬೇಕಿತ್ತಲ್ಲ? ನೋಡಲಿಲ್ಲ. ಅವರೇ ಇಟ್ಟದ್ದಾದರೆ ನನಗೆ ಯಾಕೆ ಅಷ್ಟು ಹೆದರಿಕೆಯಾಗಿತ್ತು?

ಮರುದಿನ ಬೆಳಿಗ್ಗೆ ಅಪ್ಪಾಜಿ ಎಂದಿನಂತೆ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ಅಜ್ಜಿ ವಿಭೂತಿಯ ತಟ್ಟೆಯನ್ನು ಅವರ ಕಡೆ ಸರಿಸಿದಳು.

"ನೀನೇ ಹಚ್ಕೋ."

ಅವರು ಹಚ್ಚಿಕೊಂಡರು. ಕನ್ನಡಿ ಇಲ್ಲದೆ ಮೂರು ಗೆರೆ ಸೊಟ್ಟಗಾದವು. ಆಮೇಲೆ ನಾನು ಮುಂದೆ ಹೋದೆ. ಅಜ್ಜಿ ಬಟ್ಟೆ ಸುತ್ತಿದ ಬೆರಳನ್ನೂ ಸೇರಿಸಿ, ನೋವಾಗಿ ಸ್ವಲ್ಪ ತಡೆದು, ನನ್ನ ಹಣೆಗೆ ನೆಟ್ಟಗೆ ಎಳೆದಳು. ಅವಳಿಗೆ ಗೊತ್ತಿದ್ದರೆ ಹಾಗೆ ಹಚ್ಚುತ್ತಿದ್ದಳೇ? ಗೊತ್ತಿದ್ದೇ ಹಚ್ಚಿದಳೇ? "ಅಜ್ಜಿ, ಅದು ನಾನು" ಎಂಬ ಮೂರು ಮಾತು ನಾಲಿಗೆಯ ಮೇಲೆ ಇದ್ದವು. ಮರುದಿನವೂ ಇದ್ದವು. ಶಾಲೆ ಶುರುವಾದ ಮೇಲೂ ಇದ್ದವು. ಆಮೇಲೆ ಅವು ನಿಜವೋ ಅಲ್ಲವೋ ಅನ್ನುವ ಅನುಮಾನ ಶುರುವಾಯಿತು. ಅನುಮಾನದ ಮಾತನ್ನು ಹೇಳುವುದು ಹೇಗೆ?

ಆ ವಾರವೇ ಅಪ್ಪಾಜಿ ಡಬ್ಬಿಯೊಂದನ್ನು ಬಿಟ್ಟು ಗಾಳ, ದಾರ, ಗುಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಗಫೂರಣ್ಣನಿಗೆ ಕೊಟ್ಟರು.

"ಇಷ್ಟು ದಿನ ಹೆಕ್ಕಿದ್ದು ಮಾರಾಯ್ರೆ. ಸುಮ್ನೆ ಅಟ್ಟದ ಮೇಲೆ ಇಡಿ."

"ಬೇಡ. ತಗೊಂಡು ಹೋಗು."

"ನಾನು ಹಾಕಿದ್ದು ಬಂಡೆಗೆ ಸಿಕ್ಕಿದ್ರೆ ಮತ್ತೆ ನಿಮಗೇ ಸಿಗ್ತದೆ ಬಿಡಿ."

ಅಪ್ಪಾಜಿ ನಗಲಿಲ್ಲ. ಮುಂದಿನ ಬೇಸಿಗೆಗೆ ಹೊಳೆ ಇಳಿದಾಗ ಅವರು ಆ ಕಡೆ ಹೋಗಲೂ ಇಲ್ಲ.

ದಿನಾ ತಲೆ ಬಗ್ಗಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ತಟ್ಟೆ ಸರಿಸುವುದನ್ನು ಅಜ್ಜಿಯೂ ಬಿಡಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಅಪ್ಪಾಜಿ ಬೆಳಿಗ್ಗೆ ಅವಳ ಕೈಯ ಪಕ್ಕದಲ್ಲಿ ಹಣೆ ಇಟ್ಟು ಕೂರುತ್ತಿದ್ದರು. ಕೊನೆಗೊಂದು ದಿನ ಆ ಕೈ ಎದ್ದು ಹಣೆ ಮುಟ್ಟಿತು ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಯಾರ ಬಗ್ಗೆಯೂ ಒಳ್ಳೆಯದನ್ನೇ ಹೇಳುವವಳು. ಆ ಹೊತ್ತು ನಾನು ಶಾಲೆಯಲ್ಲಿದ್ದೆ.

ತುಂಬಾ ವರ್ಷದ ಮೇಲೆ, ನನಗೆ ಕೊಪ್ಪದಲ್ಲಿ ಕೆಲಸ ಸಿಕ್ಕಿ ಮನೆ ಮಾಡಿದಾಗ, ಪಾತ್ರೆ ಜೋಡಿಸಿಕೊಡಲು ಬಂದ ಅಪ್ಪಾಜಿಯನ್ನು ಕೇಳಿಯೇ ಬಿಟ್ಟೆ. ಅವರು ಕೈಯಲ್ಲಿದ್ದ ಡಬ್ಬದ ಮುಚ್ಚಳ ತಿರುಗಿಸಿದರು.

"ನೀನೇ ಅಲ್ವಾ ಇಟ್ಟಿದ್ದು?" ಅಂದರು. ನನ್ನ ಮುಖ ನೋಡಿದರು. "ಅಲ್ಲಲ್ಲ, ನಾನೇ ಇರ್ಬೇಕು. ಹೌದು, ನಾನೇ."

"ಸರಿಯಾಗಿ ಹೇಳಿ ಅಪ್ಪಾಜಿ."

"ನಿಂಗೆ ಯಾವುದು ಹಗುರ ಆಗುತ್ತೋ ಅದು, ಪುಟ್ಟಿ."

ಈಗ ಅವರೂ ಇಲ್ಲ. ಗಫೂರಣ್ಣ ಊರು ಬಿಟ್ಟು ಎಷ್ಟೋ ಕಾಲವಾಯಿತು. ಆ ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ನಡುವೆ ಒಂದು ಸ್ಟೀಲಿನ ಬಟ್ಟಲು ಹಾಕಿದ್ದೇನೆ, ಅದು ಅಳತೆಗೆ ಕೂರುವುದಿಲ್ಲ, ಡಬ್ಬಿ ಎತ್ತಿದಾಗಲೆಲ್ಲ ಅಲುಗಾಡುತ್ತದೆ. ಬೆಳಿಗ್ಗೆ ನಾನು ಕನ್ನಡಿ ನೋಡಿಕೊಂಡು ನನ್ನ ಹಣೆಗೆ ನಾನೇ ಹಚ್ಚಿಕೊಳ್ಳುತ್ತೇನೆ. ತಲೆ ಬಗ್ಗಿಸಲು ಎದುರಿಗೆ ಯಾರೂ ಕೂತಿರುವುದಿಲ್ಲ.

ಮೀನು ಬೇಡದ ಮನುಷ್ಯನಿಗೆ ಗಾಳ ಯಾಕೆ ಬೇಕಿತ್ತು ಅನ್ನುವುದು ನನಗೆ ಗೊತ್ತಿಲ್ಲ. ಕರಡಿಗೆಯನ್ನು ಅಲ್ಲಿ ಇಟ್ಟದ್ದು ಯಾರು ಅನ್ನುವುದೂ ಗೊತ್ತಿಲ್ಲ. ಇಟ್ಟೋರು ಯಾರು ಎಂದು ಕೇಳುವಾಗ ಅಜ್ಜಿ ಯಾರ ಕಡೆ ಮುಖ ಮಾಡಿದ್ದಳು ಎನ್ನುವುದೊಂದು ತಿಳಿದಿದ್ದರೂ ಸಾಕಿತ್ತು. ನಾನು ನೆಲ ನೋಡುತ್ತಿದ್ದೆ. ಅದೂ ಗೊತ್ತಿಲ್ಲ.