ಉಣ್ಣಿಯಣ್ಣ ಗುಡ್ಡಕ್ಕೆ ಹೋದ ಶುಕ್ರವಾರ

ನನ್ನ ಗಂಡ ಉಣ್ಣಿ ಹಿಡಿಯುತ್ತಿದ್ದರು. ದನ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಆ ಉಣ್ಣಿ. ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಅದೇ ಕೆಲಸ. ಉಣ್ಣಿಗಳ ಜೀನು ನೋಡಿ, ಯಾವ ಗುಡ್ಡದ್ದು ಯಾವುದಕ್ಕೆ ನೆಂಟ ಎಂದು ಹೇಳುವುದು ಅಲ್ಲಿ ಓದುವ ಮಕ್ಕಳ ಕೆಲಸ. ತಂದುಕೊಡುವುದು ಇವರದು. ಎಲ್ಲರೂ ಉಣ್ಣಿಯಣ್ಣ ಎನ್ನುತ್ತಿದ್ದರು. ಇವರು ಹಲ್ಲು ಕಿರಿಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ಮಗುಚಿ, ಅಂಟಿಕೊಂಡ ಉಣ್ಣಿಗಳನ್ನು ಚಿಮಟದಲ್ಲಿ ಹಿಡಿದು ಸ್ಪಿರಿಟ್ ಬಾಟಲಿಗೆ ಹಾಕಬೇಕು. ಓದುವವರಿಗೆ ಉದ್ದ ಬೂಟು, ಕೈಗವಸು. ಇವರು ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡು ಹೊರಡುತ್ತಿದ್ದರು. ಬೂಟು ಕೇಳ್ರೀ ಎಂದರೆ, “ನನ್ನ ರಕ್ತ ಕುಡಿದ ಉಣ್ಣಿ ಬದುಕಲ್ಲ ಕಣೇ. ನಿನ್ನ ಟೀ ಕುಡಿದು ಕುಡಿದು ಅಷ್ಟು ಕಹಿ ಆಗಿದೆ” ಎನ್ನುತ್ತಿದ್ದರು.

ಆ ಶುಕ್ರವಾರ ಒಬ್ಬರೇ ಹೋದರು. ಪಿಎಚ್‌ಡಿ ಮಾಡುವ ಹುಡುಗಿ ಜೊತೆಗೆ ಹೋಗಬೇಕಿತ್ತು. ಬಿಸಿಲು ಜಾಸ್ತಿ ಎಂದು ಬರಲಿಲ್ಲ. ಸಂಜೆ ನೋಡಿದರೆ ಇವರ ಕಿವಿಯ ಹಿಂದೆ ಒಂದು ಕಚ್ಚಿಕೊಂಡಿತ್ತು. ನಾನೇ ಕಿತ್ತೆ. ಐದನೆಯ ದಿನ ಜ್ವರ. ಹದಿಮೂರನೆಯ ದಿನ ಹೋಗಿಬಿಟ್ಟರು. ಉಣ್ಣಿ ಕಚ್ಚಿ ಬಂದ ಜ್ವರ ಎಂದು ಡಾಕ್ಟರು ಬರೆದುಕೊಟ್ಟರು.

ಆ ಕಾಗದ ಹಿಡಿದು ಕಾಲೇಜಿನ ಆಫೀಸಿಗೆ ಹೋದೆ. ಯಾರು ಯಾವತ್ತು ಗುಡ್ಡಕ್ಕೆ ಹೋದರು ಎಂದು ಬರೆದಿಡುವ ಪುಸ್ತಕವನ್ನು ಗುಮಾಸ್ತ ತಿರುವಿದ.

“ಆವತ್ತು ನಿಮ್ಮೆಜಮಾನ್ರು ಗುಡ್ಡಕ್ಕೆ ಹೋಗೇ ಇಲ್ಲಮ್ಮ. ಹೋಗಿದ್ದು ಆ ಹುಡುಗಿ ಅಂತಿದೆ. ನಿಮ್ಮನೆ ನಾಯಿಯಿಂದ ಉಣ್ಣಿ ಹತ್ತಿರಬೇಕು.”

“ನಮ್ಮನೇಲಿ ನಾಯಿ ಇಲ್ಲ.”

“ಬೀದೀಲಿ ಇರುತ್ತಲ್ಲ.”

ಹತ್ತೊಂಬತ್ತು ವರ್ಷ ಉಣ್ಣಿ ಹಿಡಿದವರು ಬೀದಿನಾಯಿ ಮುಟ್ಟಿ ಸತ್ತರಂತೆ! ಕೆಲಸ ಮಾಡುತ್ತಾ ಸತ್ತರು ಎಂದು ಆ ಪುಸ್ತಕದಲ್ಲೇ ಬರೆಸಬೇಕು ಎಂದು ನೆಟ್ಟಗೆ ಪ್ರಯೋಗಾಲಯಕ್ಕೆ ನಡೆದೆ.

ಹುಡುಗಿ ಗಡಬಡಿಸಿ ಎದ್ದಳು. “ಅಕ್ಕಾ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಶುಕ್ರವಾರ ಗುಡ್ಡಕ್ಕೆ ಹೋಗಿದ್ದು ಯಾರು?”

ಅವಳು ಪಕ್ಕದ ಮೇಜಿನಲ್ಲಿ ಕೂತಿದ್ದ ತನ್ನ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಓದೋರು ತಾವೇ ಹಿಡಿದ ಉಣ್ಣಿ ಮಾತ್ರ ಬಳಸಬೇಕು ಅಂತ ನಿಯಮ ಇದೆಯಮ್ಮ. ಆವತ್ತಿನ ಬಾಟಲಿ ಮೇಲೆ ಇವಳ ಹೆಸರೇ ಇದೆ, ನೋಡಿ.”

“ಮೇಲಿಂದು ಬಿಡಿ ಸಾರ್. ಒಳಗಿನ ಚೀಟಿ ತೆಗೀರಿ.”

ಸ್ಪಿರಿಟ್‌ನಲ್ಲಿ ಶಾಯಿ ಕರಗಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಅದಕ್ಕೇ ಗುಡ್ಡದಲ್ಲೇ ಪೆನ್ಸಿಲಿನಲ್ಲಿ ಚೀಟಿ ಬರೆದು ಉಣ್ಣಿಗಳ ಜೊತೆ ಹಾಕಿಬಿಡುವುದು ಇವರ ಪದ್ಧತಿ. ಅಡುಗೆಮನೆಯಲ್ಲಿ ಕೂತು ಆ ಚೀಟಿಗಳನ್ನು ಕತ್ತರಿಸಿ ಕೊಡುತ್ತಿದ್ದವಳು ನಾನು. ಹುಡುಗಿ ಬಾಟಲಿಯ ಹೊರಗೆ ತನ್ನ ಹೆಸರಿನ ಸ್ಟಿಕ್ಕರ್ ಅಂಟಿಸಿ ಸುಮ್ಮನಾಗಿದ್ದಳು.

ಮೇಷ್ಟ್ರು ಚಿಮಟ ಇಳಿಸಿ ಚೀಟಿ ತೆಗೆದರು. ಶುಕ್ರವಾರದ ತಾರೀಖು, ಗುಡ್ಡದ ಹೆಸರು, ಇವರ ಸೊಟ್ಟ ಅಕ್ಷರ. ಕೆಳಗೆ ಸಹಿ, ಪಕ್ಕದಲ್ಲಿ ‘ನಾನೊಬ್ಬನೇ’.

ಹುಡುಗಿ ಅಳತೊಡಗಿದಳು. “ಅಕ್ಕಾ, ನನ್ನ ನಾಲ್ಕು ವರ್ಷ ಮಣ್ಣುಪಾಲಾಗುತ್ತೆ.”

“ನನ್ನ ಗಂಡ ಆಗ್ಲೇ ಮಣ್ಣುಪಾಲಾದ್ರು ಕಣಮ್ಮ.”

“ನಾಳೆ ಬನ್ನಿ, ಯೋಚನೆ ಮಾಡೋಣ” ಎಂದರು ಮೇಷ್ಟ್ರು.

“ಯೋಚನೆ ಏನು ಸಾರ್, ಓದೋಕೆ ಬರಲ್ವಾ? ನಾನು ಮೂರನೇ ಕ್ಲಾಸು, ನಂಗೇ ಬರುತ್ತೆ.”

ಮೇಷ್ಟ್ರು ಫೋನು ಮಾಡಿದರು. ಗುಮಾಸ್ತ ಪುಸ್ತಕ ಹೊತ್ತು ತಂದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿ ತನ್ನ ಹೆಸರು ಹೊಡೆದುಹಾಕಿ ಇವರ ಹೆಸರು ಬರೆದಳು. ಮೇಷ್ಟ್ರು ಸಹಿ ಹಾಕಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡೆ. ಕಾಗುಣಿತ ಸರಿಯಿತ್ತು.

“ನಿನ್ನ ಹೆಸರು ಅಂಟಿಸಿದ ಇಂಥ ಬಾಟಲಿ ಇನ್ನೂ ಎಷ್ಟಿದೆ?”

“ನಲವತ್ತೊಂದು” ಎಂದಳು, ತಲೆ ಎತ್ತದೆ.

“ಎಲ್ಲ ತೆಗಿ.”

ಆಮೇಲೆ ಕೂತೆ. ಐದು ಗಂಟೆಗೆ ಬಾಗಿಲು ಹಾಕುವ ಹೊತ್ತಿಗೆ ಹದಿನೇಳು ಬಿಚ್ಚಿದ್ದಳು. ಹದಿನೇಳರಲ್ಲೂ ಇವರೊಬ್ಬರೇ. ಉಳಿದವಕ್ಕೆ ನಾಳೆ ಬರುತ್ತೇನೆ ಎಂದು ಎದ್ದೆ.