ಬಿ ಟೀಮಿನ ಮೇಷ್ಟ್ರು

ಮೊನ್ನೆ ಮತ್ತಿಕೆರೆಯ ಮೆಡಿಕಲ್ ಶಾಪಿನಲ್ಲಿ ಮಂಡಿನೋವಿನ ಮಾತ್ರೆಗಾಗಿ ನಿಂತಿದ್ದೆ. ಪಕ್ಕದವರ ಕೈಜಾರಿ ನೀಲಗಿರಿ ಎಣ್ಣೆಯ ಬಾಟಲಿ ಕೆಳಗೆ ಬಿದ್ದು ಒಡೆಯಿತು. ಅಂಗಡಿಯವನು ಗೊಣಗಿಕೊಂಡು ಪೊರಕೆ ಹುಡುಕುತ್ತಿದ್ದರೆ ನಾನು ಮೂಗರಳಿಸಿಕೊಂಡು ಅಲ್ಲೇ ನಿಂತಿದ್ದೆ. ನಮ್ಮ ಬಿ ಟೀಮಿನ ರೂಮಿನ ತುಂಬ ಇದೇ ವಾಸನೆ ಇರುತ್ತಿತ್ತು. ಕೊಬ್ಬರಿ ಎಣ್ಣೆಗೆ ನೀಲಗಿರಿ ಎಣ್ಣೆ ಬೆರೆಸಿ, ಕರ್ಪೂರ ಪುಡಿ ಮಾಡಿ ಹಾಕಿ, ಮೇಷ್ಟ್ರು ದಿನಾ ಬೆಳಿಗ್ಗೆ ಎಲ್ಲರ ಮೀನಖಂಡಕ್ಕೂ ತಾವೇ ತಿಕ್ಕುತ್ತಿದ್ದರು...

ಆ ಟೀಮು ಈಗಿಲ್ಲ. ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಗೆ ಆಗ ಹೆಸರುವಾಸಿ ಫುಟ್‌ಬಾಲ್ ತಂಡವಿತ್ತು. ಅದಕ್ಕೆ ಆಟಗಾರರನ್ನು ತಯಾರು ಮಾಡಿ ಕೊಡಲೆಂದೇ ಇಟ್ಟುಕೊಂಡಿದ್ದ ಎರಡನೇ ತಂಡ ನಮ್ಮದು. ತಿಂಗಳಿಗೊಂದಿಷ್ಟು ಸ್ಟೈಪೆಂಡು, ಕ್ವಾರ್ಟರ್ಸಿನಲ್ಲಿ ಒಂದು ಮಂಚ, ಎರಡು ಹೊತ್ತು ಊಟ. ದೊಡ್ಡ ಟೀಮಿಗೆ ಆಯ್ಕೆಯಾದವನಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ, ಆಗದವನು ಗಂಟುಮೂಟೆ ಕಟ್ಟಬೇಕು. ನಮ್ಮ ಮ್ಯಾಚು ನೋಡಲು ಬರುತ್ತಿದ್ದವರು ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವವರು ಮಾತ್ರ. ಬಸ್ಸು ಬಂದರೆ ಪೆನಾಲ್ಟಿ ಕಿಕ್ ಇದ್ದರೂ ಎದ್ದು ಹೋಗುತ್ತಿದ್ದರು.

ಮೇಷ್ಟ್ರು ಅಂದರೆ ನಮ್ಮ ಕೋಚು. ಆರ್.ಟಿ. ನಗರದವರು. ಮನೆಯಲ್ಲಿ ಉರ್ದು, ಮೈದಾನದಲ್ಲಿ ಕನ್ನಡ, ಕೋಪ ಬಂದಾಗ ಎರಡೂ. ಅವರದೊಂದು ಪದ್ಧತಿ ಇತ್ತು. ದೊಡ್ಡ ಟೀಮಿನ ಪ್ರತಿಯೊಬ್ಬ ಆಟಗಾರನಿಗೂ ಬಿ ಟೀಮಿನಲ್ಲಿ ಒಬ್ಬ ಜೋಡಿ. ನಮ್ಮ ಜೋಡಿ ಹೇಗೆ ಓಡುತ್ತಾನೆ, ಹೇಗೆ ಪಾಸ್ ಕೊಡುತ್ತಾನೆ, ಎಲ್ಲವನ್ನೂ ನೋಡಿ ಕಲಿಯಬೇಕು. ನಾಳೆ ಅವನ ಕಾಲು ಮುರಿದರೆ ಅವನ ಜಾಗದಲ್ಲಿ ನಾವು ನಿಂತದ್ದು ಉಳಿದ ಹತ್ತು ಜನಕ್ಕೆ ಗೊತ್ತೇ ಆಗಬಾರದು. ನಮ್ಮ ಗೋಲ್‌ಕೀಪರ್ ತನ್ನ ಜೋಡಿಯ ಹಾಗೆ ಕೆಮ್ಮುವುದನ್ನೂ ಕಲಿತಿದ್ದಾನೆ ಎಂದು ಆಡಿಕೊಳ್ಳುತ್ತಿದ್ದೆವು. ಬೆಳೆಸಿದ ಹುಡುಗನನ್ನು ಮೇಲಿನವರು ಕರೆದುಕೊಂಡು ಹೋದಾಗಲೆಲ್ಲ ನಾವು ಮುಂದಿನ ಮ್ಯಾಚು ಸೋಲುತ್ತಿದ್ದೆವು. ಮೇಷ್ಟ್ರು ಮಾತ್ರ ಖುಷಿಯಿಂದ ಎಲ್ಲರಿಗೂ ಜಿಲೇಬಿ ತರಿಸುತ್ತಿದ್ದರು.

ನಾನು ಲೆಫ್ಟ್ ಬ್ಯಾಕು, ಎಡಗಡೆಯಿಂದ ನುಗ್ಗುವವರನ್ನು ತಡೆಯುವವನು. ನನ್ನ ಜೋಡಿಗೆ ಒಂದು ಚಟವಿತ್ತು. ಎದುರಾಳಿ ಚೆಂಡು ತಂದಾಗ, ಅದನ್ನು ಕಸಿಯಲು ನುಗ್ಗುವ ಮೊದಲು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ಗ್ಯಾಲರಿಯಲ್ಲಿ ಅದಕ್ಕೆ ಶಿಳ್ಳೆ ಬೀಳುತ್ತಿತ್ತು. ಅದೇ ಸ್ಟೈಲು ಎಂದುಕೊಂಡು ನಾನೂ ಅಭ್ಯಾಸ ಮಾಡಿದೆ. ಒಂದು ದಿನ ಮೇಷ್ಟ್ರು ಎಣ್ಣೆ ತಿಕ್ಕುತ್ತಾ, "ಅವನ ಆಟ ತಗೋ ಮಗಾ, ಆ ಹಿಂದಿನ್ ಹೆಜ್ಜೆ ತಗೋಬೇಡ. ಬಾಲ್ ಹೋಗ್ಬಿಡ್ತದೆ" ಅಂದರು. "ಆಯ್ತು ಸಾರ್" ಅಂದೆ. ಅವರ ಕಣ್ಣು ತಪ್ಪಿಸಿ ಮುಂದುವರಿಸಿದೆ. ಇಪ್ಪತ್ತು ವರ್ಷದ ಕೊಬ್ಬು, ಇನ್ನೇನು!

ಅದೇ ವರ್ಷ ಬಿ ಟೀಮನ್ನು ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ತಿಂಗಳ ಕೊನೆಯೊಳಗೆ ಆಯ್ಕೆಯಾದವರಿಗೆ ಕೆಲಸ, ಉಳಿದವರು ಮನೆಗೆ. ಮೇಷ್ಟ್ರನ್ನು ದೊಡ್ಡ ಟೀಮಿನ ಸಹಾಯಕ ಕೋಚ್ ಮಾಡುವ ಮಾತೂ ಇತ್ತು. ನನ್ನನ್ನು ನೋಡಲು ದೊಡ್ಡ ಟೀಮಿನ ಮ್ಯಾನೇಜರ್ ಬಂದರು. ಹತ್ತು ನಿಮಿಷದಲ್ಲಿ ನಾನು ಮೂರು ಸಲ ಹಿಂದೆ ಹೆಜ್ಜೆ ಇಟ್ಟೆ, ಮೂರು ಸಲವೂ ಚೆಂಡು ನನ್ನ ಪಕ್ಕದಿಂದಲೇ ಹೋಯಿತು.

"ಆ ಹೆಜ್ಜೆ ದೆಸೆಯಿಂದ್ಲೇ ನಮ್ಮ ಲೆಫ್ಟ್ ಬ್ಯಾಕನ್ನ ಟೀಮಿಂದ ತೆಗೀತಿರೋದು. ನೀವು ಅದನ್ನೇ ಇವನಿಗೂ ಕಲ್ಸಿದೀರಲ್ಲ ಸಾಹೇಬ್ರೇ!" ಅಂದರು ಮ್ಯಾನೇಜರ್.

ಮೇಷ್ಟ್ರು ನನ್ನತ್ತ ತಿರುಗಿಯೂ ನೋಡಲಿಲ್ಲ. "ತಪ್ಪು ನಂದೇ ಸಾರ್. ಮೂರು ವಾರ ಕೊಡಿ, ನಾನೇ ಬಿಡಿಸ್ತೀನಿ."

ನಾನು ಬಾಯಿ ಬಿಡಲಿಲ್ಲ. ಕೆಲಸ ಬೇಕಿತ್ತು.

ಆ ಮೂರು ವಾರ ಮೇಷ್ಟ್ರು ನನ್ನ ಬೆನ್ನಿಗೇ ಅಂಟಿಕೊಂಡಂತೆ ನಿಂತು ಆಡಿಸಿದರು. ಹಿಂದಕ್ಕೆ ಹೆಜ್ಜೆ ಇಟ್ಟರೆ ಅವರ ಕಾಲನ್ನೇ ತುಳಿಯಬೇಕು. ನನ್ನದು ಅಡಿಯಲ್ಲಿ ಮೊಳೆಯಂಥ ಸ್ಟಡ್ಸ್ ಇದ್ದ ಬೂಟು, ಅವರದು ಹವಾಯಿ ಚಪ್ಪಲಿ. ಮೊದಲ ದಿನ ತುಳಿದು, ಗಾಬರಿಯಿಂದ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಎದುರಿಗಿದ್ದವನು ಗೋಲು ಹೊಡೆದಾಗಿತ್ತು. "ಪೂಜೆ ಆಮೇಲ್ ಮಾಡು, ಮೊದ್ಲು ಆಟ ಆಡೋ!" ಎಂದು ಕಿರುಚಿದರು. ಎರಡನೇ ವಾರಕ್ಕೆ ಅವರ ಹೆಬ್ಬೆರಳಿನ ಉಗುರು ಕಪ್ಪಾಯಿತು. ಮೂರನೇ ವಾರ ಕುಂಟುತ್ತಲೇ ಬಂದು ನಿಂತರು. ಕೊನೆಯ ನಾಲ್ಕು ದಿನ ನಾನು ಒಮ್ಮೆಯೂ ಅವರನ್ನು ತುಳಿಯಲಿಲ್ಲ.

ನಾನು ಆಯ್ಕೆಯಾದೆ. ಮೇಷ್ಟ್ರು ಕುಂಟಿಕೊಂಡೇ ಹೋಗಿ ಜಿಲೇಬಿ ತಂದರು. ಬಿ ಟೀಮಿನ ಕೊನೆಯ ಜಿಲೇಬಿ ಅದು. ಸಹಾಯಕ ಕೋಚ್ ಕೆಲಸ ಬೇರೆಯವರಿಗೆ ಹೋಯಿತು. ತಪ್ಪು ಕಲಿಸಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡವರನ್ನು ಯಾರು ತೆಗೆದುಕೊಳ್ಳುತ್ತಾರೆ? ಮೇಷ್ಟ್ರು ಮನೆ ಹತ್ತಿರದ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ಟರ್ ಆದರು. ನಾನು ಆರು ಸೀಸನ್ ಆಡಿದೆ, ಕಾರ್ಖಾನೆಯಲ್ಲೇ ದುಡಿದೆ, ಮನೆ ಕಟ್ಟಿದೆ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ. ಸುಖವಾಗಿಯೇ ಇದ್ದೇನೆ. ಮೇಷ್ಟ್ರು ಯಶವಂತಪುರದ ಸಂತೆಯಲ್ಲೋ ಹೆಬ್ಬಾಳದ ಬಸ್‌ಸ್ಟಾಪಿನಲ್ಲೋ ಆಗಾಗ ಸಿಗುತ್ತಿದ್ದರು. "ಏನ್ ಮಗಾ, ಹೆಜ್ಜೆ ಹೆಂಗಿದೆ?" ಎಂದು ನಗುತ್ತಿದ್ದರು. ನನಗಾಗಿ ಸುಳ್ಳು ಹೇಳಿದ ದೊಡ್ಡ ಮನುಷ್ಯ ಎಂದು ಮನಸ್ಸಿನಲ್ಲೇ ಕೈಮುಗಿದು, ನಾನೂ ನಕ್ಕು ಬಸ್ಸು ಹತ್ತುತ್ತಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರು ತಿಂಗಳಾದ ಮೇಲೆ. ಯಾವ ಮುಖ ಹೊತ್ತು ಹೋಗಲಿ ಎಂದು ಹೋಗದೇ ಉಳಿದೆ. ಅದಕ್ಕೂ ಎರಡು ವರ್ಷವಾಯಿತು...

ಆ ಎಣ್ಣೆಯ ವಾಸನೆ ಸುಮ್ಮನಿರಗೊಡಲಿಲ್ಲ. ಆ ಭಾನುವಾರವೇ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಗುರುತು ಹಿಡಿದು ಚಾಯ್ ಕೊಟ್ಟರು. ಲೋಟ ಖಾಲಿಯಾಗುವ ಮೊದಲೇ ಹೇಳಿಬಿಟ್ಟೆ.

"ಅಮ್ಮ, ಅವತ್ತು ಅವರು ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ್ರು. ತಪ್ಪು ನಂದು. ಆ ಹೆಜ್ಜೆ ಬೇಡ ಅಂತ ಅವರು ಮೊದಲೇ ಹೇಳಿದ್ರು."

"ಸುಳ್ಳಾ?" ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಇಲ್ಲ ಬೇಟಾ. ಅವರು ಮನೇಲೂ ಅದನ್ನೇ ಹೇಳ್ತಿದ್ರು. ಮಗುಗೆ ಒಂದ್ಸಲ ಹೇಳ್ಬಿಟ್ಟು ಸುಮ್ನಾದೆ, ಆ ಮಗುಗೆ ತಿಳೀಲಿಲ್ಲ, ಇನ್ನೊಂದ್ಸಲ ಹೇಳ್ಬೇಕಿತ್ತು ಅಂತ. ಕೊನೇ ತನಕ ಅದೊಂದು ಕೊರಗು ಅವರಿಗೆ ಇತ್ತು."

ಆಕೆ ಮತ್ತೊಂದು ಲೋಟ ಚಾಯ್ ತಂದಿಟ್ಟರು, ಕುಡಿದೆ. ಮತ್ತೆ ಬಾ ಅಂದರು, ಬರುತ್ತೇನೆ ಅಂದೆ.

ಮೇಷ್ಟ್ರು ಹೇಳಿದ್ದು ಒಂದೇ ಸಲ, ನಿಜ. ಆದರೆ ಆ ಒಂದು ಸಲಕ್ಕೇ ನನಗೆ ಚೆನ್ನಾಗಿ ಅರ್ಥವಾಗಿತ್ತು. ಅಷ್ಟನ್ನು ಅವರಿಗೆ ತಿಳಿಸಲು ನನಗೆ ಮೂವತ್ತು ವರ್ಷ ಸಮಯವಿತ್ತು.