ಅಂಚಿನಿಂದ ನಾಲ್ಕು ಬೆರಳು ಒಳಗೆ

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂವರೆ. ಪಕ್ಕದ ಮನೆಯ ಅಣ್ಣ ಆಶ್ರಮದ ಪ್ರಾರ್ಥನಾ ಮಂದಿರದಲ್ಲಿ, ಎಡಗಡೆ ಎರಡನೇ ಕಂಬದ ಹತ್ತಿರ ನಿಂತಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು; ಹರಿದ ಎಳೆಗಳನ್ನು ಗಂಟು ಹಾಕಿ ಹಾಕಿ ಹಾಗಾಗಿತ್ತು. ನಾನು ಒಂದು ಮಾರು ಹಿಂದೆ ಇದ್ದೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರದು ನಾಲ್ಕು ಮಗ್ಗ, ನನ್ನದು ಎರಡು. ನನಗೆ ಕೆಲಸ ಕಲಿಸಿದವರು ಅವರೇ. ಯಾವ ಬಟ್ಟೆ ಕಂಡರೂ ಅಂಚು ಹಿಡಿದು ನೋಡುವ ಚಾಳಿ. "ಮದುವೆ ಮನೇಲಿ ಬೀಗರ ಪಂಚೆನೂ ಬಿಡಲ್ಲ ಕಣಪ್ಪ ನಿಮ್ಮಣ್ಣ," ಎಂದು ಅತ್ತಿಗೆ ನಗುತ್ತಿದ್ದರು.

ಮಾಕಳಿದುರ್ಗದ ದಾರಿಯಲ್ಲಿ ಆ ಆಶ್ರಮ ಕಟ್ಟಿದ ಸ್ವಾಮಿಗಳು ಹೆಸರಾದದ್ದು ತಮ್ಮ ಕಾವಿ ಶಾಲಿನಿಂದ. ಅದನ್ನು ಮುಟ್ಟಿದವರಿಗೆ ಮಾತ್ರೆ ಬೇಡ ಎನ್ನುತ್ತಿದ್ದರು. ಅತ್ತಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಮೂರು ವಾರವಾಗಿತ್ತು. ಹಿಮ್ಮಡಿಯ ಹುಣ್ಣು ಮೇಲೇರುತ್ತಿತ್ತು. ಅಣ್ಣ ಬೇಡಿಕೊಂಡರು, ಊಟ ಬಿಟ್ಟರು. ಅತ್ತಿಗೆ ಕೇಳಲಿಲ್ಲ. ಕೊನೆಗೆ "ನಡಿ, ನಾನೂ ಮುಟ್ತೀನಿ," ಎಂದು ಅಣ್ಣ ಅವತ್ತು ಅವರ ಜೊತೆಗೆ ಬಂದಿದ್ದರು.

ಸರದಿ ಬಂದಾಗ ಅಣ್ಣ ಶಾಲಿನ ಅಂಚನ್ನು ಹಣೆಗೊತ್ತಿಕೊಂಡರು. ಬಿಡಲಿಲ್ಲ.

"ಸ್ವಾಮಿ, ಇದನ್ನ ನೇಯ್ದೋರು ಯಾರು?"

"ಮಗ್ಗ ಕಾಣದ ವಸ್ತ್ರ ಇದು. ಹಿಮಾಲಯದಲ್ಲಿ ನಮ್ಮ ಗುರುಗಳ ತಪಸ್ಸಿನಿಂದ ಬಂದದ್ದು."

"ಅಂಚಿಂದ ನಾಲ್ಕು ಬೆರಳು ಒಳಗೆ ಒಂದು ಗೆರೆ ಐತೆ ಸ್ವಾಮಿ. ನಮ್ಮ ಮೂರನೇ ಮಗ್ಗದಲ್ಲಿ ಎಳೆ ಹಾಯೋ ಹಣಿಗೇಲಿ ಒಂದು ಹಲ್ಲು ಬಾಗಿ ಇದೇ ಗೆರೆ ಬೀಳ್ತಿತ್ತು. ಸೋಮಾರಿತನ ಮಾಡಿ ಬದಲಾಯಿಸ್ಲಿಲ್ಲ. ಆ ತಪ್ಪು ನಂದು. ನಿಮ್ಮ ಗುರುಗಳ ಮೇಲೆ ಹಾಕ್ಬೇಡಿ."

"ಬಾಯಿ ಮುಚ್ರೀ, ಪಾಪ ಬತ್ತದೆ," ಎಂದರು ಅತ್ತಿಗೆ. ಅಣ್ಣ ಅವರ ತೋರುಬೆರಳನ್ನು ಮೆಲ್ಲಗೆ ಹಿಡಿದು ಆ ಗೆರೆಯ ಮೇಲಿಟ್ಟರು. ಆ ಹಲ್ಲು ಬದಲಾಯಿಸಿ ಎಂದು ಯುಗಾದಿಯಿಂದ ಬೈಯುತ್ತಿದ್ದವರು ಅತ್ತಿಗೆಯೇ. ಬೆರಳು ಗೆರೆಯುದ್ದಕ್ಕೂ ಒಂದು ಗೇಣು ಹೋಯಿತು.

"ನಮ್ದೇ ಅಲ್ವೇನ್ರೀ ಇದು?"

ಸ್ವಾಮಿಗಳು ಶಾಲನ್ನು ಎಳೆದುಕೊಂಡು ಮುಂದಿನವರನ್ನು ಕರೆದರು. ಅವರು ತಿಳಿದೇ ಸುಳ್ಳಾಡಿದರೋ, ಯಾರಾದರೂ ಅವರಿಗೂ ಹಾಗೆ ನಂಬಿಸಿ ಕೊಟ್ಟಿದ್ದರೋ, ನಾನು ಹೇಳಲಾರೆ. ಕಂಡಷ್ಟನ್ನೇ ಬರೆದಿದ್ದೇನೆ.

ಬಸ್ಸಿಳಿದ ಮೇಲೆ ಅತ್ತಿಗೆ ತಾವಾಗಿಯೇ ಔಷಧಿ ಅಂಗಡಿಯ ಕಡೆ ತಿರುಗಿದರು. ದೇವರ ಗೂಡಿನಲ್ಲಿದ್ದ ಸ್ವಾಮಿಗಳ ಫೋಟೊವನ್ನು ಅಣ್ಣ ತೆಗೆಯಲಿಲ್ಲ. ನಾನು ಕೇಳಿದಾಗ, "ಅವಳು ಇಟ್ಟಿದ್ದು. ತೆಗೆಯೋಳೂ ಅವಳೇ," ಎಂದರು.

ಹೋದ ಕಾರ್ತಿಕದಲ್ಲಿ ಅಣ್ಣ ತೀರಿಕೊಂಡರು. ಅವತ್ತು ಆ ಗೆರೆಯನ್ನು ಕಂಡ ನಮ್ಮ ಮೂವರಲ್ಲಿ ಈಗ ಇರುವವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಅತ್ತಿಗೆ. ಇವತ್ತು ಬೆಳಿಗ್ಗೆಯೂ ಮಾತ್ರೆ ನುಂಗಿ, ಎರಡು ಕಾಲಿನ ಮೇಲೆ ನಡೆದು ಬಂದು ನನಗೆ ಕಾಫಿ ಕೊಟ್ಟು ಹೋದರು.